ಮಾವನಿಗಾಗಿ ತಂದ ಡೀಸೆಲ್ ಸದ್ದು

ಹೊಳಲ್ಕೆರೆ

ಸಿಲೋನಿಗೆ ಹೋಗಿಬಂದವರು ಲವಂಗ ತರುತ್ತಾರೆ, ಸೋಪು ತರುತ್ತಾರೆ, ನೈಲಾನ್ ಸೀರೆ ತರುತ್ತಾರೆ. ನಾನು ತಂದದ್ದು ನಾಲ್ಕು ಕ್ಯಾಸೆಟ್ಟುಗಳ ತುಂಬ ರೈಲು ಎಂಜಿನ್ನುಗಳ ಸದ್ದು. ಹೊಸದುರ್ಗದ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಮೊದಲು ಯಾರೂ ನಂಬಲಿಲ್ಲ, ಆಮೇಲೆ ಎಲ್ಲರೂ ನಕ್ಕರು. ಆದ್ದರಿಂದ ಮೊದಲಿನಿಂದ ಹೇಳುವುದೇ ಒಳ್ಳೆಯದು.

ನಾನು ಆ ಹೈಸ್ಕೂಲಿನಲ್ಲಿ ಲ್ಯಾಬ್ ಅಸಿಸ್ಟೆಂಟ್. ಹುಟ್ಟಿದ್ದು ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಲ್ಲಿ, ಕುರಿ ಸಾಕುವ ಮನೆಯಲ್ಲಿ. ಓದಿದ್ದು ಹೊಳಲ್ಕೆರೆಯಲ್ಲಿ, ಸೋದರಮಾವ ಓಬಳಪ್ಪನವರ ಮನೆಯಲ್ಲಿದ್ದುಕೊಂಡು. ಮಾವ ರೈಲ್ವೆ ಡ್ರೈವರ್. ಚಿಕ್ಕಜಾಜೂರು ಜಂಕ್ಷನ್ನಿನಿಂದ ಚಿತ್ರದುರ್ಗಕ್ಕೆ ಹೋಗುವ ಗಾಡಿ ಅವರದು. ನಮ್ಮೂರ ಕಡೆ ರೈಲೇ ಇಲ್ಲ. ಹನ್ನೆರಡು ವರ್ಷದ ತನಕ ಎಂಜಿನ್ನನ್ನೇ ನೋಡದಿದ್ದ ನನಗೆ ಅದರ ಸದ್ದು ಕೇಳಿದ ದಿನವೇ ತಲೆಗೆ ಹತ್ತಿತು. ಕೆಲಸ ಸಿಕ್ಕಮೇಲೆ, ವರ್ಗವಾಗಿ ಹೋಗುತ್ತಿದ್ದ ಮೇಷ್ಟರೊಬ್ಬರಿಂದ ಹಳೆಯ ಕ್ಯಾಸೆಟ್ ರೆಕಾರ್ಡರ್ ಒಂದನ್ನು ಕೊಂಡೆ. ರಜೆ ಬಂದರೆ ಹೊಸದುರ್ಗ ರೋಡ್ ಸ್ಟೇಷನ್ನಿಗೋ ಚಿಕ್ಕಜಾಜೂರಿಗೋ ಹೋಗಿ ಗಾಡಿಗಳ ಸದ್ದು ಹಿಡಿಯುವುದು, ನೋಟುಬುಕ್ಕಿನಲ್ಲಿ ಗೆರೆ ಎಳೆದು ಬರೆಯುವುದು: ತಾರೀಖು, ಸ್ಥಳ, ಯಾವ ಗಾಡಿ, ಎಷ್ಟು ನಿಮಿಷ, ಗಾಳಿ ಇತ್ತೇ, ನಾಯಿ ಬೊಗಳಿತೇ. ೧೯೭೬ರ ಜನವರಿಯ ಹೊತ್ತಿಗೆ ಅರವತ್ತಮೂರು ಸದ್ದುಗಳಾಗಿದ್ದವು. ಅರವತ್ತಮೂರೂ ಕಲ್ಲಿದ್ದಲ ಎಂಜಿನ್ನಿನವು. ಹನ್ನೊಂದರಲ್ಲಿ ನಾಯಿ ಬೊಗಳಿತ್ತು.

ಆ ತಿಂಗಳು ಮಾವನ ಕೈಗೆ ಒಂದು ಫಾರಂ ಬಂತು. ನಮ್ಮ ಕಡೆಗೂ ಡೀಸೆಲ್ ಎಂಜಿನ್ನುಗಳು ಬರಲಿವೆ. ಡೀಸೆಲ್ ತರಬೇತಿಗೆ ಹೋಗಲು ಒಪ್ಪಿಗೆ ಇದೆಯೋ ಇಲ್ಲವೋ ಫೆಬ್ರವರಿ ಇಪ್ಪತ್ತರೊಳಗೆ ತಿಳಿಸಬೇಕು. ಒಪ್ಪದವರು ನಿವೃತ್ತಿಯಾಗುವವರೆಗೆ ಯಾರ್ಡಿನೊಳಗೆ ಹಳೆಯ ಎಂಜಿನ್ನಿನಲ್ಲಿ ವ್ಯಾಗನ್ ತಳ್ಳಿಕೊಂಡಿರಬೇಕು. ಮಾವನಿಗೆ ನಲವತ್ತಾರು ವರ್ಷ. ಫಾರಮ್ಮನ್ನು ಮಡಿಸಿ ಗೋಡೆಗೂಡಿನಲ್ಲಿಟ್ಟರು, ತೆಗೆಯಲಿಲ್ಲ.

"ಅರಸೀಕೆರ್ಯಾಗೆ ನೋಡ್ದೆ ಕಣಲೇ ಚಂದ್ರ, ಡೀಸೆಲ್ನ" ಎಂದರು ನನಗೆ. "ಪಕ್ದಾಗೆ ಅರ್ಧ ಗಂಟೆ ನಿಂತೆ. ಒಂದೇ ಸಮ ಗೂಂ ಅಂತೈತೆ. ಹಿಟ್ಟಿನ ಗಿರಣಿ ಒಳಗೆ ನಿಂತಂಗೆ. ನಮ್ಮ ಎಂಜಿನ್ನು ಹಂಗಲ್ಲ. ನೀರು ಜಾಸ್ತಿ ಆದ್ರೆ ಒಂದು ಥರ ಕೂಗ್ತೈತೆ, ಬೆಂಕಿ ಕಮ್ಮಿ ಆದ್ರೆ ಇನ್ನೊಂದು ಥರ. ಇಪ್ಪತ್ತೆರಡು ವರ್ಷ ಕಿವಿಯಿಂದ ಗಾಡಿ ಓಡ್ಸೀನಿ. ಕಿವಿಗೆ ಏನೂ ಹೇಳ್ದೆ ಇರೋದನ್ನ ಹೆಂಗೆ ಓಡ್ಸಾದು?"

ಒಳಗಿನಿಂದ ಅತ್ತೆ ಕೇಳಿದರು: "ಹಂಗಂತ ಯಾರ್ಡಾಗೆ ವ್ಯಾಗನ್ ತಳ್ಕಂತ ಕುಂತ್ಕಂತೀರಾ ಹನ್ನೆರಡು ವರ್ಷ?"

ಯಾರ್ಡಿನ ಕೆಲಸವೆಂದರೆ ಮಾವನಿಗೆ ಎಷ್ಟು ಬೇಸರವೆಂದು ನನಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಡೀಸೆಲ್ ಎದುರು ಕಿವುಡನಾಗಿ ನಿಲ್ಲುವ ಭಯ ಅದಕ್ಕಿಂತ ದೊಡ್ಡದಾಗಿತ್ತು.

ಅದೇ ಹೊತ್ತಿಗೆ ಹೊಸದುರ್ಗದ ತೆಂಗಿನ ರೈತರು ಕೆಲವರು ಸೇರಿ, ಸಿಲೋನಿನಲ್ಲಿ ನಾರಿನ ಕೆಲಸ ಹೇಗೆ ನಡೆಯುತ್ತದೆಂದು ನೋಡಿಬರಲು ಇಬ್ಬರನ್ನು ಕಳುಹಿಸಲು ನಿರ್ಧರಿಸಿದ್ದರು. ಒಬ್ಬರು ತಿಪ್ಪೇಸ್ವಾಮಣ್ಣ. ಐವತ್ತು ದಾಟಿದ ರೈತ, ಹಗ್ಗ ಹೊಸೆಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ, ಮಾತಿನಲ್ಲಂತೂ ಇಲ್ಲವೇ ಇಲ್ಲ. ಇನ್ನೊಬ್ಬ ನಾನು. ಇಂಗ್ಲಿಷ್ ಬರುತ್ತದೆ, ನೋಡಿದ್ದನ್ನೆಲ್ಲ ಬರೆದಿಡುತ್ತಾನೆ ಎಂಬ ಕಾರಣಕ್ಕೆ.

ಸುದ್ದಿ ಕೇಳಿ ಮಾವ ನೆಟ್ಟಗೆ ಎದ್ದು ಕುಳಿತರು. "ಅಲ್ಲಿ ಡೀಸೆಲ್ಲು ಬಂದು ಇಪ್ಪತ್ತು ವರ್ಷದ ಮೇಲಾತಂತೆ. ಹೊಸದು ಮಾತಾಡಲ್ಲ, ಬಿಡು. ಹಳೇದಾದ್ಮೇಲಾದ್ರೂ ಏನಾರ ಹೇಳ್ತಾವೋ ಇಲ್ವೋ ಕೇಳ್ಕಂಡು ಬಾ. ಹೇಳಿದ್ರೆ ಹಿಡ್ಕಂಡು ಬಾ. ಅಲ್ಲಿಗಂಟ ಈ ಫಾರಂ ಮುಟ್ಟಾಕಿಲ್ಲ."

ರಾಮೇಶ್ವರ

ಫೆಬ್ರವರಿ ಎರಡನೆಯ ತಾರೀಖು ರಾಮೇಶ್ವರದ ಕಸ್ಟಮ್ಸ್‌ನವರು ನನ್ನ ರೆಕಾರ್ಡರನ್ನು ತಿರುಗಿಸಿ ಮುರುಗಿಸಿ ನೋಡಿ ಒಂದು ಕಾಗದದಲ್ಲಿ ಬರೆದುಕೊಟ್ಟರು: ಈ ಯಂತ್ರ ಇಲ್ಲಿಂದಲೇ ಹೋದದ್ದು, ವಾಪಸು ಬರುವಾಗ ಇರಬೇಕು. ಅದರ ಜೊತೆ ನಾಲ್ಕು ಕ್ಯಾಸೆಟ್ಟು, ಇಪ್ಪತ್ತನಾಲ್ಕು ಸೆಲ್ಲು, ಒಂದು ಕಂಬಳಿ ತುಂಡು. ಕಂಬಳಿ ತುಂಡು ನೋಡಿ ಅಧಿಕಾರಿ ಹುಬ್ಬೇರಿಸಿದರು. ಅಷ್ಟು ಸೆಖೆಯ ಊರಿಗೆ ಕಂಬಳಿ ಏಕೆ? ನಮ್ಮಪ್ಪನ ಹಳೆಯ ಕರಿಕಂಬಳಿಯಿಂದ ಕತ್ತರಿಸಿದ್ದು ಅದು. ಮೈಕಿಗೆ ಹೊದಿಸಿದರೆ ಎಂಥ ಗಾಳಿಯೂ ಒಳಗೆ ನುಗ್ಗುವುದಿಲ್ಲ. ಐಮಂಗಲದ ಬಯಲುಗಾಳಿಯಲ್ಲಿ ಲಾರಿ ಸದ್ದು ಹಿಡಿದು ಪರೀಕ್ಷೆ ಮಾಡಿದ್ದೆ. ಇಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಅಧಿಕಾರಿ ಪೂರ್ತಿ ಕೇಳದೆ ಮುದ್ರೆ ಒತ್ತಿದರು.

ಹಡಗು ಹೊರಟು ದಂಡೆ ಮರೆಯಾದಾಗ ತಿಪ್ಪೇಸ್ವಾಮಣ್ಣ ಕಂಬಿ ಹಿಡಿದು ನಿಂತರು. "ನಮ್ಮ ಮಾರಿಕಣಿವೆ ಡ್ಯಾಮು ತುಂಬಿದ್ರೆ ಹಿಂಗೆ ಇರ್ತದೇನೋ. ತುಂಬಿದ್ದು ನೋಡಿಲ್ಲ, ಅದಕ್ಕೆ ಇದನ್ನೇ ಅಂದ್ಕಂತೀನಿ" ಎಂದರು. ಅದಾದ ಹತ್ತು ನಿಮಿಷಕ್ಕೆ ಹೊಟ್ಟೆ ತೊಳಸಿ ಕುಳಿತುಬಿಟ್ಟರು. ಪಕ್ಕದಲ್ಲಿದ್ದ ಜಾಫ್ನಾದ ಮುದುಕಿಯೊಬ್ಬರು ತಮ್ಮ ಚೀಲದಿಂದ ನಿಂಬೆಹಣ್ಣು ತೆಗೆದುಕೊಟ್ಟು, ತಮಿಳಿನಲ್ಲಿ ಬೈಯುತ್ತ ಮೂಸಲು ಹೇಳಿದರು. ತಿಪ್ಪೇಸ್ವಾಮಣ್ಣ ಕನ್ನಡದಲ್ಲಿ "ಹೂಂ ಕಣಮ್ಮ, ಹೂಂ ಕಣಮ್ಮ" ಎನ್ನುತ್ತ ಮೂಸಿದರು. ಆಮೇಲೂ ಪ್ರವಾಸದುದ್ದಕ್ಕೂ ಅವರು ಎಲ್ಲರೊಡನೆಯೂ ಕನ್ನಡದಲ್ಲೇ ಮಾತಾಡಿದರು. ಅರ್ಥವಾಗದೆ ಹೋದದ್ದು ಬಹಳ ಕಡಿಮೆ.

ಆ ಕಡೆ ದಡದಲ್ಲಿ ಹಡಗಿನಿಂದ ಇಳಿದವರಿಗಾಗಿ ಕೊಲಂಬೊ ರೈಲು ಕಾದಿತ್ತು. ಮುಂದೆ ಡೀಸೆಲ್ ಎಂಜಿನ್! ರಾತ್ರಿಯೆಲ್ಲ ಎಚ್ಚರವಿದ್ದು ಅದರ ಸದ್ದು ಹಿಡಿಯಬೇಕೆಂದು ಕಿಟಕಿ ಪಕ್ಕ ಕುಳಿತೆ. ಎಚ್ಚರವಾದಾಗ ಕೊಲಂಬೊ ಬಂದಿತ್ತು. ಆ ದಿನದ ಕಾಲಮ್ಮಿನಲ್ಲಿ ಸೊನ್ನೆ ನಿಮಿಷ ಎಂದು ಬರೆದಿದೆ.

ಕೊಲಂಬೊ

ಕೊಲಂಬೊದಲ್ಲಿ ಆರು ದಿನ ಇದ್ದೆವು. ಬೆಳಿಗ್ಗೆ ಐದೂವರೆಯಿಂದ ಎಂಟರವರೆಗೆ ನನ್ನ ಸದ್ದಿನ ಕೆಲಸ. ಆಮೇಲೆ ಸಂಜೆಯವರೆಗೆ ತಿಪ್ಪೇಸ್ವಾಮಣ್ಣನ ನಾರಿನ ಕೆಲಸ. ಕಡಲಂಚಿನ ಊರುಗಳಲ್ಲಿ ತೆಂಗಿನ ಸಿಪ್ಪೆಯನ್ನು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ಹೂತಿಟ್ಟು ಕೊಳೆಸುತ್ತಾರೆ. ಮೊಣಕಾಲುದ್ದ ಕಪ್ಪು ನೀರಿನಲ್ಲಿ ನಿಂತು ಹೆಂಗಸರು ಅದನ್ನು ಹೊರಗೆಳೆಯುತ್ತಾರೆ. ನಾನು ಮೂಗು ಮುಚ್ಚಿಕೊಂಡೆ. ತಿಪ್ಪೇಸ್ವಾಮಣ್ಣ ಪಂಚೆ ಮೇಲೆ ಕಟ್ಟಿ ನೀರಿಗಿಳಿದೇಬಿಟ್ಟರು. "ನಾವು ಸಿಪ್ಪೆನ ಒಲೆಗೆ ಹಾಕ್ತೀವಲ್ಲಪ್ಪ! ಇವ್ರು ನೋಡು, ಅದ್ರಾಗೆ ಮನೆ ನಡೆಸ್ತಾರೆ" ಎಂದು, ಒಬ್ಬಾಕೆಯ ಕೈಯಿಂದ ನಾರು ತೆಗೆದುಕೊಂಡು ತೊಡೆಯ ಮೇಲೆ ಹೊಸೆದು ತೋರಿಸಿದರು. ಆ ಹೆಂಗಸರು ತಮ್ಮ ರೀತಿಯಲ್ಲಿ ಹೊಸೆದು ತೋರಿಸಿದರು. ಅವರದು ಎಡಕ್ಕೆ ತಿರುಚು, ನಮ್ಮದು ಬಲಕ್ಕೆ. ಇಷ್ಟಕ್ಕೇ ಅರ್ಧ ದಿನ ಹೋಯಿತು.

ಬಸ್ಸಿನಲ್ಲಿ ಒಂದು ಎಡವಟ್ಟಾಯಿತು. ಅಲ್ಲಿ ಡ್ರೈವರ್ ಹಿಂದಿನ ಮೊದಲ ಸೀಟನ್ನು ಬೌದ್ಧ ಭಿಕ್ಷುಗಳಿಗೆ ಬಿಡುತ್ತಾರೆ. ಜನ ಜೋತುಬಿದ್ದಿದ್ದರೂ ಆ ಸೀಟು ಖಾಲಿ. ತಿಪ್ಪೇಸ್ವಾಮಣ್ಣ ಹೋಗಿ ಆರಾಮವಾಗಿ ಕುಳಿತು ನನ್ನನ್ನೂ ಕರೆದರು, "ಬಾರಪ್ಪ ಲ್ಯಾಬ್ ಮೇಷ್ಟ್ರೇ, ನಿಂಗೂ ಜಾಗ ಐತೆ." ಇಡೀ ಬಸ್ಸು ನಮ್ಮನ್ನೇ ನೋಡಿತು. ಯಾರೂ ಬೈಯಲಿಲ್ಲ. ಕಂಡಕ್ಟರು ಮಾತ್ರ ಬಂದು, ಅವರ ಬೋಳುತಲೆಯನ್ನೂ ಕಾವಿಯಲ್ಲದ ಪಂಚೆಯನ್ನೂ ನೋಡಿ, ಯಾವ ತೀರ್ಮಾನಕ್ಕೂ ಬರಲಾಗದೆ ಟಿಕೆಟ್ ಕೊಡದೆ ಹೋದ. ಅವರನ್ನು ಎಬ್ಬಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

ಆದರೆ ಸದ್ದಿನ ಕೆಲಸ ಸಾಗುತ್ತಿರಲಿಲ್ಲ. ಎಂಜಿನ್ನುಗಳೇನೋ ಬೇಕಾದಷ್ಟಿದ್ದವು. ಕೆಲವು ಎಷ್ಟು ಹಳೆಯವೆಂದರೆ ಬಣ್ಣದ ಕೆಳಗಿನ ಬಣ್ಣವೂ ಕಾಣುತ್ತಿತ್ತು. ಕೋಟೆ ಎಂಬ ದೊಡ್ಡ ಸ್ಟೇಷನ್ನಿನ ಪ್ಲಾಟ್‌ಫಾರಂ ತುದಿಯಲ್ಲಿ, ಗಾಡಿ ಹೊರಡುವ ಜಾಗದಲ್ಲಿ, ಕಂಬಳಿ ಹೊದಿಸಿದ ಮೈಕು ಹಿಡಿದು ನಿಲ್ಲುತ್ತಿದ್ದೆ. ಊರಿನಲ್ಲಿ ನಾನು ಯಾವಾಗಲೂ ನಿಲ್ಲುತ್ತಿದ್ದದ್ದು ಅಲ್ಲೇ. ಕಲ್ಲಿದ್ದಲ ಎಂಜಿನ್ನು ಅತಿ ಚೆನ್ನಾಗಿ ಕೇಳುವುದು ಹೊರಡುವಾಗ. ಹೀಗೆ ಆರು ಬೆಳಿಗ್ಗೆಗಳಲ್ಲಿ ಇಪ್ಪತ್ತೇಳು ಸದ್ದು ಹಿಡಿದೆ. ಫೆಬ್ರವರಿ ಒಂಬತ್ತರ ಸಂಜೆ ಲಾಡ್ಜಿನ ಕೋಣೆಯಲ್ಲಿ ಕುಳಿತು ಎಲ್ಲವನ್ನೂ ಒಂದರ ಹಿಂದೊಂದು ಕೇಳಿದೆ.

ಇಪ್ಪತ್ತೇಳೂ ಒಂದೇ. ಗೂಂ ಎಂದು ಶುರುವಾಗಿ ದೊಡ್ಡ ಗೂಂ ಆಗಿ ದೂರ ಹೋಗುವುದು.

ಮಂಚದ ಮೇಲೆ ಮಲಗಿದ್ದ ತಿಪ್ಪೇಸ್ವಾಮಣ್ಣ ಗೋಡೆ ಕಡೆ ತಿರುಗಿದರು. "ನಿಮ್ಮ ಮಾವ ಸುಳ್ಳು ಹೇಳಿಲ್ಲ ಬಿಡಪ್ಪ. ಗಿರಣಿನೇ ಇದು. ಆರಿಸು, ತಲೆ ನೋಯ್ತೈತೆ."

ಆ ರಾತ್ರಿಯ ಲೆಕ್ಕ ನೋಟುಬುಕ್ಕಿನಲ್ಲಿ ಹೀಗಿದೆ: ಮೂರೂವರೆ ಕ್ಯಾಸೆಟ್ಟು ಮುಗಿದಿದೆ. ಉಳಿದಿರುವುದು ಇಪ್ಪತ್ತೆರಡು ನಿಮಿಷ. ಮಾವನಿಗೆ ಹೇಳಬೇಕಾದದ್ದು: ಏನೂ ಇಲ್ಲ. ಆ ಕೊನೆಯ ಸಾಲನ್ನು ಬರೆದು ಹೊಡೆದುಹಾಕಿದ್ದೇನೆ, ಆದರೂ ಓದಬಹುದು.

ರಂಬುಕ್ಕನ

ಹತ್ತನೆಯ ತಾರೀಖು ಕ್ಯಾಂಡಿ ದಾರಿಯ ರಂಬುಕ್ಕನ ಎಂಬ ಊರಿನ ಬಳಿ ನಾರಿನ ಮಿಲ್ಲೊಂದನ್ನು ನೋಡಲು ಹೋದೆವು. ಕೆಲಸ ಬೇಗ ಮುಗಿಯಿತು. ಮರಳುವ ಗಾಡಿಗೆ ಮೂರು ಗಂಟೆಗೂ ಹೆಚ್ಚು ಹೊತ್ತಿತ್ತು. ರಂಬುಕ್ಕನದಿಂದ ಮುಂದೆ ಘಟ್ಟ ಶುರು. ಬಂದ ಗಾಡಿಗಳಿಗೆ ಹಿಂದಿನಿಂದ ತಳ್ಳಲು ಇನ್ನೊಂದು ಎಂಜಿನ್ನು ಸೇರಿಸುತ್ತಾರೆ. ಸ್ಟೇಷನ್ನು ಹೊಳಲ್ಕೆರೆ ಬಸ್‌ಸ್ಟ್ಯಾಂಡಿಗಿಂತ ದೊಡ್ಡದೇನಲ್ಲ. ಯಾರ್ಡಿನ ಮೂಲೆಯಲ್ಲಿ ಒಂದು ಹಳೆಯ ಎಂಜಿನ್ನು ತನ್ನಷ್ಟಕ್ಕೆ ಗುಡುಗುಡು ಎನ್ನುತ್ತ ನಿಂತಿತ್ತು. ಒಂದು ಕಾಲದಲ್ಲಿ ಪ್ಯಾಸೆಂಜರ್ ಎಳೆದದ್ದು, ಈಗ ಅಲ್ಲಲ್ಲೇ ವ್ಯಾಗನ್ ತಳ್ಳುವುದು. ಅಭ್ಯಾಸ ಬಿಡದೆ ಮೈಕು ಹಿಡಿದು ಅದರ ಎದುರಿಗೆ ನಿಂತೆ. ಟೇಪು ಮಾತ್ರ ಓಡಿಸಲಿಲ್ಲ.

"ಕಂಬಳಿಯಲ್ಲಿ ಏನು, ಮಗು ಮಲಗಿದೆಯೇ?" ಎಂದು ಯಾರೋ ಇಂಗ್ಲಿಷಿನಲ್ಲಿ ಕೇಳಿದರು.

ತಿರುಗಿದರೆ, ಖಾಕಿ ಚಡ್ಡಿಯ, ಎಣ್ಣೆ ಕೈಯ ಒಬ್ಬ ತೆಳ್ಳನೆಯ ಮನುಷ್ಯ. ಆ ಎಂಜಿನ್ನನ್ನು ನೋಡಿಕೊಳ್ಳುವ ಫಿಟ್ಟರ್. ಹೆಸರು ಪಿಯಸೇನ. ನಾನು ಎಲ್ಲವನ್ನೂ ಹೇಳಿದೆ. ಮಾವ, ಫಾರಂ, ಇಪ್ಪತ್ತನೆಯ ತಾರೀಖು. ಅವರು ಕೊಲಂಬೊದ ಸದ್ದುಗಳನ್ನು ಕೇಳಬೇಕೆಂದರು. ಎರಡು ಕೇಳಿ ಮೂರನೆಯದಕ್ಕೆ ಕೈ ಎತ್ತಿದರು.

"ನೀವು ಈ ಎಂಜಿನ್ನುಗಳ ಮನೆ ಮುಂದೆ ಬೀದಿಯಲ್ಲಿ ನಿಂತು ಕೇಳಿದ್ದೀರಿ" ಎಂದರು. "ಕಲ್ಲಿದ್ದಲ ಎಂಜಿನ್ನು ಬೀದಿಗೆ ಬಂದು ಕೂಗಾಡುತ್ತದೆ. ಎಲ್ಲಿ ನಿಂತರೂ ಕೇಳುತ್ತದೆ. ಡೀಸೆಲ್ಲು ಮನೆಯೊಳಗೆ ಮಾತಾಡುತ್ತದೆ. ಒಳಗೆ ಬನ್ನಿ."

ಸ್ಟೇಷನ್ ಮಾಸ್ಟರನ್ನು ಒಂದು ಮಾತು ಕೇಳಿಬಂದು, ಎಂಜಿನ್ನಿನ ಪಕ್ಕದ ಕದ ತೆರೆದರು. ಬಿಸಿ ಮುಖಕ್ಕೆ ಬಡಿಯಿತು. ಒಳಗೆ ಒಂದೇ ಸಾಲಿನಲ್ಲಿ ಆರು ಸಿಲಿಂಡರುಗಳು. ಪಿಯಸೇನ ಮೂಲೆಯಿಂದ ಒಂದು ಕೋಲು ತೆಗೆದರು. ಮೊಳದುದ್ದದ ಹಲಸಿನ ಕೋಲು. ಒಂದು ತುದಿ ಎಣ್ಣೆ ಹಿಡಿದು ಕಪ್ಪಾಗಿತ್ತು, ಇನ್ನೊಂದು ತುದಿ ಕಿವಿಗೆ ಒತ್ತಿ ಒತ್ತಿ ನುಣುಪಾಗಿತ್ತು. ಕಪ್ಪು ತುದಿಯನ್ನು ಮೊದಲ ಸಿಲಿಂಡರಿನ ಮೇಲಿಟ್ಟು, ನುಣುಪು ತುದಿಯನ್ನು ನನ್ನ ಕಿವಿಗೆ ಒತ್ತಿದರು.

ಗೂಂ ಎಂಬುದು ಎಲ್ಲಿ ಹೋಯಿತೋ ಗೊತ್ತಿಲ್ಲ. ಟಕ್, ಟಕ್, ಟಕ್ ಎಂದು ಒಬ್ಬನೇ ಬಾಗಿಲು ತಟ್ಟುತ್ತಿದ್ದ. ಎರಡನೆಯದಕ್ಕೆ ಇಟ್ಟರು. ಇದೂ ತಟ್ಟುತ್ತಿತ್ತು, ಆದರೆ ಬೇರೆ ಕೈ. ಮೂರನೆಯದು ಇನ್ನೊಂದು. ನಾಲ್ಕನೆಯದು ತಟ್ಟಿದ ಮೇಲೆ ತುಸು ಎಳೆಯುತ್ತಿತ್ತು, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ.

"ಇವನಿಗೆ ಎರಡು ತಿಂಗಳಿಂದ ಕೆಮ್ಮು" ಎಂದರು ಪಿಯಸೇನ. "ಔಷಧಿ ದೂರದೇಶದಿಂದ ಬರಬೇಕು. ಬಂದಿಲ್ಲ."

ಅವರೂ ಮೊದಲು ಕಲ್ಲಿದ್ದಲ ಎಂಜಿನ್ನಿನಲ್ಲಿ ಬೆಂಕಿ ಹಾಕುತ್ತಿದ್ದವರೇ. ಡೀಸೆಲ್ಲಿಗೆ ಬಂದಾಗ ಮೊದಲ ಮಳೆಗಾಲವೆಲ್ಲ ತಮಗೆ ಕಿವಿ ಹೋಯಿತೆಂದೇ ತಿಳಿದಿದ್ದರಂತೆ. ಹೆಂಡತಿಯ ಮಾತು ಮಾತ್ರ ಹೇಗೆ ಕೇಳುತ್ತಿದೆ ಎಂದು ಆಶ್ಚರ್ಯಪಟ್ಟಿದ್ದರಂತೆ. ಇದನ್ನೆಲ್ಲ ನನ್ನಿಂದ ಕನ್ನಡದಲ್ಲಿ ಕೇಳಿಸಿಕೊಂಡ ತಿಪ್ಪೇಸ್ವಾಮಣ್ಣ ನಡುವೆ ಬಂದು ಕಂಬಳಿ ತುಂಡನ್ನು ಅವರ ಕೈಗಿತ್ತರು. "ಇವ್ರಪ್ಪನ ಹತ್ರ ನೂರಿಪ್ಪತ್ತು ಕುರಿ ಅವೆ ಕಣ್ರಿ. ಬೇಲಿಯಾಚೆ ಒಂದು ಅರಚಿದ್ರೆ ಯಾವ ಕುರಿ ಅಂತ ಕುಂತಲ್ಲೇ ಹೇಳ್ತಾನೆ ಆಯಪ್ಪ. ನಂಗೆ ಎಲ್ಲಾ ಮ್ಯಾ ಅಂದಂಗೇ ಕೇಳ್ತೈತೆ."

ನಾನು ಅನುವಾದಿಸಿದೆ. ಪಿಯಸೇನ ಜೀವಮಾನದಲ್ಲಿ ಕುರಿಮಂದೆ ನೋಡಿದವರಲ್ಲ. ಉಣ್ಣೆಯನ್ನು ಬೆರಳಲ್ಲಿ ಉಜ್ಜಿ, "ನೂರಿಪ್ಪತ್ತೇ! ನನಗೆ ಆರನ್ನು ಸಾಕುವುದೇ ಕಷ್ಟ" ಎಂದರು.

ಮೈಕನ್ನು ಕೋಲಿನ ನುಣುಪು ತುದಿಗೆ ಇಟ್ಟು ಸುತ್ತ ಕಂಬಳಿ ಬಿಗಿದು ದಾರ ಕಟ್ಟಿದೆವು. ಆರು ಸಿಲಿಂಡರಿಗೆ ಮೂರು ಮೂರು ನಿಮಿಷ, ಒಟ್ಟು ಹದಿನೆಂಟು. ತಿಪ್ಪೇಸ್ವಾಮಣ್ಣನಿಗೆ ಕೈಮುಗಿದು, ಹದಿನೆಂಟು ನಿಮಿಷ ಮಾತಾಡಬೇಡಿ ಎಂದು ಕೇಳಿಕೊಂಡೆ. ಅವರು ಕೆಂದೆಳನೀರು ಒಂದನ್ನು ಕೊಂಡು ಬಾಯಿಗಿಟ್ಟುಕೊಂಡು ದೂರ ಹೋಗಿ ನಿಂತರು. ಪಿಯಸೇನ ಪ್ರತಿಯೊಂದಕ್ಕೂ ಕೋಲಿಡುವ ಮೊದಲು ತಮ್ಮ ಭಾಷೆಯಲ್ಲಿ ಸಂಖ್ಯೆ ಕೂಗಿದರು: ಎಕ, ದೆಕ, ತುನ, ಹತರ, ಪಹ, ಹಯ. ಐದನೆಯದರ ನಡುವೆ, ಎಳನೀರು ಮುಗಿದ ತಿಪ್ಪೇಸ್ವಾಮಣ್ಣ "ಚಂದ್ರಪ್ಪಾ, ಗಾಡಿ ಬಂತಪ್ಪೋ!" ಎಂದು ಕೂಗಿದ್ದು ಹಾಗೇ ಇದೆ. ಅದು ನಮ್ಮ ಗಾಡಿಯೂ ಆಗಿರಲಿಲ್ಲ.

ಉಳಿದ ನಾಲ್ಕು ನಿಮಿಷವನ್ನು ನಾನು ಬಳಸಲಿಲ್ಲ. ಪಿಯಸೇನ ತಮ್ಮ ವಿಳಾಸವನ್ನು ನೋಟುಬುಕ್ಕಿನಲ್ಲಿ ಬರೆದುಕೊಟ್ಟರು. ಹಾಲಿಲ್ಲದ ಚಹಾ ತರಿಸಿದರು. ಅಲ್ಲಿ ಸಕ್ಕರೆ ಚಹಾದೊಳಗೆ ಹಾಕುವುದಿಲ್ಲ. ಅಂಗೈಯಲ್ಲಿ ಬೆಲ್ಲದ ಚೂರಿಟ್ಟುಕೊಂಡು ಒಂದು ಗುಟುಕಿಗೆ ಒಂದು ಸಲ ಕಚ್ಚುತ್ತಾರೆ. ತಿಪ್ಪೇಸ್ವಾಮಣ್ಣ ಬೆಲ್ಲವನ್ನು ಮೊದಲೇ ತಿಂದು ಮುಗಿಸಿ, ಕಹಿ ಚಹಾವನ್ನು ಮುಖ ಕಿವುಚಿಕೊಂಡು ಕುಡಿದರು.

ಮತ್ತೆ ರಾಮೇಶ್ವರ

ಹದಿನೈದರಂದು ಹಡಗಿನಿಂದ ಇಳಿದೆವು. ಸಾಲಿನಲ್ಲಿದ್ದ ಎಲ್ಲರ ಗಂಟುಗಳಲ್ಲೂ ಸೋಪು, ಸೀರೆ. ನನ್ನದರಲ್ಲಿ ನಾಲ್ಕು ಕ್ಯಾಸೆಟ್ಟು.

"ಏನಿದೆ ಇದರಲ್ಲಿ?"

"ರೈಲಿನ ಸದ್ದು, ಸರ್."

"ಸಿನಿಮಾ ಹಾಡಲ್ಲವೇ?"

"ಅಲ್ಲ ಸರ್. ರೈಲಿನ ಸದ್ದೇ."

ಅಧಿಕಾರಿ ಒಳ್ಳೆಯವರು, ಆದರೆ ನಂಬುವುದು ಕಷ್ಟವಾಗಿತ್ತು. ಹಾಕಿ ತೋರಿಸಿ ಎಂದರು. ಸುತ್ತ ಜನ ಸೇರಿದರು. ಮೊದಲ ಕ್ಯಾಸೆಟ್ಟು ಗೂಂ ಎಂದಿತು. ಎರಡನೆಯದು ಗೂಂ ಎಂದಿತು. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಕೊನೆಯದನ್ನು ಹಾಕಿದೆ. ಸೆಲ್ಲು ಸೊರಗಿತ್ತು. ಅವಸರದಲ್ಲಿ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿಬಿಟ್ಟೆ. ಯಂತ್ರ ಒಮ್ಮೆ ಕೀರೆಂದು ನಿಂತಿತು. ತೆರೆದು ನೋಡಿದರೆ ಟೇಪು ಹೊರಬಂದು ಹಲ್ಲುಗಾಲಿಗಳಿಗೆ ಸುತ್ತಿಕೊಂಡು ಗಂಟಾಗಿತ್ತು. ರಂಬುಕ್ಕನದ ಟೇಪು.

ನಾನು ಎಳೆಯಲು ಹೋದೆ. ತಿಪ್ಪೇಸ್ವಾಮಣ್ಣ ನನ್ನ ಮಣಿಕಟ್ಟು ಹಿಡಿದುಕೊಂಡರು. "ಮುಟ್ಟಬ್ಯಾಡ. ಕುಂತ್ಕ ಸುಮ್ಕೆ."

ಅವರು ನಲ್ಲಿಯಲ್ಲಿ ಕೈ ತೊಳೆದು ಪಂಚೆಗೆ ಒರೆಸಿಕೊಂಡು, ಬೆಂಚಿನ ಮೇಲೆ ಟವೆಲ್ಲು ಹಾಸಿ, ಯಂತ್ರವನ್ನು ಮಡಿಲಲ್ಲಿಟ್ಟುಕೊಂಡರು. ನಾರಿನ ಸಿಕ್ಕು ಬಿಡಿಸುವವರ ಕೈ ಅದು. ಎಳೆಯಲಿಲ್ಲ, ಸಿಕ್ಕನ್ನು ಸಡಿಲಮಾಡಿ, ಅದು ತಾನೇ ಬಿಚ್ಚಿಕೊಳ್ಳುವ ತನಕ ಕಾದರು. ಬಿಚ್ಚಿದಷ್ಟನ್ನು ಪೆನ್ಸಿಲಿನಿಂದ ಒಳಕ್ಕೆ ಸುತ್ತಿದರು. ಅಧಿಕಾರಿಯೇ ಬಂದು ಪಕ್ಕದಲ್ಲಿ ನಿಂತು ನೋಡಿದರು. ಕೊನೆಗೆ ಕ್ಯಾಸೆಟ್ಟು ಕೈಗೆ ಬಂತು. ಒಂದು ಕಡೆ ಟೇಪು ಗೇಣುದ್ದ ಸುಕ್ಕಾಗಿತ್ತು. ಅಧಿಕಾರಿ ಮತ್ತೇನೂ ಕೇಳದೆ ನಮ್ಮನ್ನು ಕಳುಹಿಸಿದರು.

ನೋಟುಬುಕ್ಕಿನಲ್ಲಿದೆ: ತಿಪ್ಪೇಸ್ವಾಮಣ್ಣ ಮಾತಾಡದೆ ಇದ್ದದ್ದು ಒಂದು ಗಂಟೆ ಹತ್ತು ನಿಮಿಷ. ಹದಿನಾಲ್ಕು ದಿನದಲ್ಲಿ ಇದೇ ಹೆಚ್ಚು.

ಸದ್ದು ಉಳಿದಿದೆಯೋ ಅಳಿಸಿಹೋಗಿದೆಯೋ ದಾರಿಯಲ್ಲಿ ನೋಡುವ ಧೈರ್ಯವಾಗಲಿಲ್ಲ.

ಹೊಳಲ್ಕೆರೆ, ಫೆಬ್ರವರಿ ೧೮

ಮಾವ ಡ್ಯೂಟಿ ಮುಗಿಸಿ ನಾಲ್ಕು ಗಂಟೆಗೆ ಬಂದವರು ಸ್ನಾನವನ್ನೂ ಮಾಡದೆ ಕುಳಿತರು. ಫಾರಂ ಗೋಡೆಗೂಡಿನಲ್ಲೇ ಇತ್ತು. ಹೊಸ ಸೆಲ್ಲು ಹಾಕಿದೆ.

ಮೊದಲು ಕೊಲಂಬೊದ್ದನ್ನೇ ಹಾಕಲು ಹೇಳಿದರು. ಐದು ಕೇಳಿದರು. ಮುಖದಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ. "ಇದನ್ನೇ ಕಣಲೇ ನಾನು ಅರಸೀಕೆರ್ಯಾಗೆ ಕೇಳಿದ್ದು. ಸಾಕು ಬಿಡು, ಅಷ್ಟು ದೂರ ಹೋಗಿ ತಂದೆ ಪಾಪ" ಎಂದು ಎದ್ದರು.

"ಇನ್ನೊಂದೈತೆ ಮಾವ. ಕುಂತ್ಕ."

ಗುಂಡಿ ಒತ್ತಿದೆ. ಮೊದಲು ಏನೂ ಇಲ್ಲ. ಆಮೇಲೆ ಪಿಯಸೇನ ಅವರ ದನಿ, "ಎಕ." ಟಕ್, ಟಕ್, ಟಕ್. ಸದ್ದು ಉಳಿದಿತ್ತು. ಸುಕ್ಕಾದ ಜಾಗದಲ್ಲಿ "ದೆಕ" ಎಂಬುದು ನೀರೊಳಗಿನಿಂದ ಬಂದ ಹಾಗೆ ಬಂತು, ಅಷ್ಟೇ. ಮಾವ ನಿಂತಲ್ಲೇ ಕುಳಿತು ಕಿವಿಯನ್ನು ಸ್ಪೀಕರಿನ ಹತ್ತಿರ ತಂದರು. ಕೋಲು, ಕದ, ಆರು ಸಿಲಿಂಡರು, ಎಲ್ಲ ಹೇಳಿದೆ. ಕೊನೆಗೆ, ಈ ಆರರಲ್ಲಿ ಒಂದಕ್ಕೆ ಹುಷಾರಿಲ್ಲ, ಯಾವುದು ಹೇಳಿ ಎಂದೆ.

ಪೂರ್ತಿ ಕೇಳಿ ಮಾವ ಹೇಳಿದರು, "ಎರಡನೇದು."

ನಾನು ಟೇಪನ್ನು ಹಿಂದಕ್ಕೆ ಓಡಿಸತೊಡಗಿದೆ.

"ಯಾಕಲೇ? ಅಲ್ವಾ?"

"ಅಲ್ಲ ಮಾವ."

"ಹಾಕು ಇನ್ನೊಂದ್ಸಲ."

ಹಾಕಿದೆ. ಈ ಸಲ ಕಣ್ಣು ಮುಚ್ಚಿ ಕೇಳಿದರು. "ಐದು. ಯಾವನೋ ಕೂಗ್ತಾನಲ್ಲ, ಅದು."

"ಅದೂ ಅಲ್ಲ ಮಾವ."

ಇಪ್ಪತ್ತೆರಡು ವರ್ಷ ಕಿವಿಯಿಂದ ಗಾಡಿ ಓಡಿಸಿದ ಮನುಷ್ಯ. ಎರಡು ಸಲ ತಪ್ಪು ಹೇಳುವ ಹಾಗೆ ಮಾಡಿದ್ದು ನಾನು. ಪರೀಕ್ಷೆ ಮಾಡದೆ ಸುಮ್ಮನೆ ಕೇಳಿಸಿದ್ದರೆ ಆಗುತ್ತಿತ್ತಲ್ಲ ಎಂದು ನನ್ನನ್ನೇ ಬೈದುಕೊಂಡೆ. ಈಗ ಎದ್ದುಹೋಗುತ್ತಾರೆ, ಫಾರಮ್ಮಿನಲ್ಲಿ ಇಲ್ಲ ಎಂದು ಬರೆಯುತ್ತಾರೆ ಎಂದುಕೊಂಡೆ.

ಅಷ್ಟರಲ್ಲಿ ಒಳಗೆ ಅವರೆಕಾಯಿ ಸುಲಿಯುತ್ತಿದ್ದ ಅತ್ತೆಯ ದನಿ ಬಂತು. "ನಾಲ್ಕನೇದಲ್ವೇನಪ್ಪ ಚಂದ್ರ? ಬಡ್ದಾದ್ಮೇಲೆ ಒಂಚೂರು ಎಳೀತೈತಲ್ಲ."

ನಾವಿಬ್ಬರೂ ಅಡುಗೆಮನೆ ಬಾಗಿಲ ಕಡೆ ತಿರುಗಿದೆವು.

"ನಿಂಗ್ಯಾರೇ ಹೇಳಿದ್ರು?" ಎಂದರು ಮಾವ.

"ಯಾರು ಹೇಳ್ಬೇಕು? ಇಪ್ಪತ್ತು ವರ್ಷದಿಂದ ನಿಮ್ಮ ಗೊರಕೆ ಕೇಳ್ತಿಲ್ವಾ ನಾನು? ಹಿಂಗೇ ಅಲ್ವಾ ಎಳ್ಯಾದು ನೀವು?"

ಮಾವ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಅವರೇ ಕೈಚಾಚಿ ಟೇಪು ಹಿಂದೆ ಓಡಿಸಿ, ಒಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು, ಇನ್ನೊಂದನ್ನು ಸ್ಪೀಕರಿಗೆ ತಾಗಿಸಿದರು. ನಾಲ್ಕನೆಯದಕ್ಕೆ "ಹತರ" ಎಂದಿತು ಟೇಪು. ಬಹಳ ಹೊತ್ತು ಕೇಳಿದರು. ಕೊನೆಗೆ ಹೊಟ್ಟೆಯೊಳಗಿನಿಂದ ನಗು ಬಂತು. ಫಾರಂ ಬಂದಮೇಲೆ ಅವರು ನಕ್ಕದ್ದು ನಾನು ನೋಡಿದ್ದು ಅದೇ ಮೊದಲು.

"ಹೌದಲೇ! ಐತೆ! ಎಳೀತೈತೆ!" ಎಂದರು. "ನೋಡು, ಎರಡು ಸಲ ತಪ್ಪು ಹೇಳ್ದೆ. ಅರಸೀಕೆರ್ಯಾಗೆ ನಂಗೆ ತಪ್ಪು ಹೇಳಾಕೂ ಏನೂ ಸಿಕ್ಕಿರಲಿಲ್ಲ ಕಣೋ."

ಎದ್ದು ಗೋಡೆಗೂಡಿನಿಂದ ಫಾರಂ ತೆಗೆದು, ನನ್ನ ಜೇಬಿನಿಂದ ಪೆನ್ನು ಎಳೆದುಕೊಂಡು, ಒಪ್ಪಿಗೆ ಇದೆ ಎಂಬ ಕಡೆ ಗುರುತು ಹಾಕಿ ಸಹಿ ಮಾಡಿದರು. "ಕೈನಾರ ತೊಳ್ಕಂಡು ಮುಟ್ಟಬಾರದೇನ್ರಿ" ಎಂದು ಅತ್ತೆ ಹೇಳುವಷ್ಟರಲ್ಲಿ ಅಂಚಿನಲ್ಲಿ ಹೆಬ್ಬೆಟ್ಟಿನ ಮಸಿ ಹತ್ತಿತ್ತು. ಮಾವ ಅದನ್ನು ಊದಿದರು. ಹೋಗಲಿಲ್ಲ. ಹಾಗೇ ಮಡಿಸಿಟ್ಟರು.

"ಹಾಕು ಮತ್ತೆ" ಎಂದರು. "ನಾಲ್ಕನೇದಕ್ಕೆ ಕೆಮ್ಮು, ಸರಿ. ಉಳಿದ ಐದರಾಗೆ ಮುಂದೆ ಯಾವ್ದು ಕೆಮ್ಮಾಕೆ ಶುರು ಮಾಡ್ತೈತೆ, ಅದು ಹೇಳ್ತೀನಿ ತಡಿ."

ಆ ಸಂಜೆ ಟೇಪನ್ನು ಒಂಬತ್ತು ಸಲ ಹಾಕಿದೆವು. ಮಾವ ಆರನೆಯದು ಎಂದರು. ಅತ್ತೆ, ಅವರೆಕಾಯಿ ಬುಟ್ಟಿ ಸಮೇತ ನಡುಮನೆಗೆ ಬಂದು ಕುಳಿತು, ಮೊದಲನೆಯದು ಎಂದರು. ಇಬ್ಬರೂ ಬಿಟ್ಟುಕೊಡಲಿಲ್ಲ. ನಾನು ಮಾರನೆಯ ದಿನ ಎರಡು ಉತ್ತರಗಳನ್ನೂ ಬರೆದು ರಂಬುಕ್ಕನಕ್ಕೆ ಕಾಗದ ಹಾಕಿದೆ. ಪಿಯಸೇನ ಅವರ ಜವಾಬು ಬರುವಷ್ಟರಲ್ಲಿ ಮಾವ ತರಬೇತಿಗೆ ಹೊರಟುಹೋಗಿದ್ದರು. ಯಾರು ಗೆದ್ದರೆಂದು ಮೊದಲು ಮಾವನೇ ನೋಡಲಿ ಎಂದು, ಲಕೋಟೆ ಒಡೆಯದೆ ಅಲ್ಲಿಗೇ ಕಳುಹಿಸಿದೆ.